ಕೆಮ್ಮು ಬಂದರೆ ಏನು ಮಾಡುತ್ತಿದ್ದರು? ಸಿನಿಮಾ ತೋರಿಸುವ ಗೆಳೆಯರಿಗೆ ಒಂದು ಬಹಿರಂಗ ಪತ್ರ

ಊರೂರುಗಳಲ್ಲಿ ಚಿತ್ರಸಮಾಜ ನಡೆಸುವ ಗೆಳೆಯರಿಗೆ, ಶಾಲೆ ಕಾಲೇಜುಗಳಲ್ಲಿ ಮಕ್ಕಳಿಗೆ ಸಿನಿಮಾ ತೋರಿಸುವ ಮೇಷ್ಟ್ರುಗಳಿಗೆ, ಟೀಚರುಗಳಿಗೆ,

ನಮಸ್ಕಾರ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವಳು. ಹತ್ತನೇ ಕ್ಲಾಸಿನ ಪುಸ್ತಕದಲ್ಲಿ ಹಿಟ್ಲರ್ ಬರುತ್ತಾನೆ, ನಾಜಿಗಳು ಬರುತ್ತಾರೆ. 60 ಲಕ್ಷ ಯಹೂದಿಗಳನ್ನು ಕೊಂದರು ಅಂತ ನಾನು ಬೋರ್ಡಿನ ಮೇಲೆ ಬರೆಯುತ್ತೇನೆ. ಮಕ್ಕಳು ನೋಟ್ಸಿಗೆ ಇಳಿಸಿಕೊಳ್ಳುತ್ತಾರೆ. ಆ ಸಂಖ್ಯೆ ಅವರ ತಲೆಗೆ ಇಳಿಯುವುದಿಲ್ಲ. ಇಷ್ಟು ವರ್ಷ ಪಾಠ ಮಾಡಿದರೂ ನನ್ನ ತಲೆಗೇ ಇಳಿದಿಲ್ಲ. ಅದಕ್ಕೇ ಒಂದು ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಕಿಟಕಿಗಳಿಗೆ ಬೆಡ್‌ಶೀಟ್ ಕಟ್ಟಿ, ಪ್ರೊಜೆಕ್ಟರ್ ಇಟ್ಟು, ನಾಜಿಗಳಿಗೆ ಸಿಗದಂತೆ ಮನೆಯವರ ಜೊತೆ ಸದ್ದಿಲ್ಲದೆ ಅಡಗಿದ್ದ ಯಹೂದಿ ಹುಡುಗಿ ಆನ್ ಫ್ರಾಂಕ್ ಬಗ್ಗೆ ಇರುವ ಒಂದು ಸಿನಿಮಾ ಹಾಕಿದೆ.

ಮುಗಿದ ಮೇಲೆ ಏನಾದರೂ ಕೇಳಿ ಅಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಮಿಸ್, ಕೆಮ್ಮು ಬಂದ್ರೆ ಏನ್ ಮಾಡ್ತಿದ್ರು?"

ಹಿಟ್ಲರ್ ಯಾಕೆ ಹಾಗೆ ಮಾಡಿದ ಅಂತ ಕೇಳಿದರೆ ಹೇಳಲು ನಾನು ತಯಾರಾಗಿ ಬಂದಿದ್ದೆ. ಈ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ. ಮನೆಗೆ ಹೋಗಿ ಆನ್ ಬರೆದ ಡೈರಿ ತೆಗೆದು ಹುಡುಕಿದೆ. ಉತ್ತರ ಅಲ್ಲೇ ಇತ್ತು. 1942ರ ಜುಲೈ 6ಕ್ಕೆ ಅವರು ಅಡಗುತಾಣಕ್ಕೆ ಬಂದದ್ದು. ಮೊದಲ ವಾರದಲ್ಲೇ ಅಕ್ಕ ಮಾರ್ಗೊಟ್‌ಗೆ ನೆಗಡಿ. ರಾತ್ರಿ ಕೆಮ್ಮಿದರೆ ಪಕ್ಕದವರಿಗೆ ಕೇಳಿಸುತ್ತದೆ. ಅದಕ್ಕೆ ಅವಳಿಗೆ ಕೊಡೀನ್ ಔಷಧಿಯನ್ನು ಜಾಸ್ತಿ ಜಾಸ್ತಿ ಕುಡಿಸುತ್ತಿದ್ದರು. ಕೆಳಗೆ ಗೋಡೌನಿನಲ್ಲಿ ಆಳುಗಳು ಕೆಲಸ ಮಾಡುವ ಹೊತ್ತಿನಲ್ಲಿ ಸಂಡಾಸಿಗೆ ನೀರು ಬಿಡುವಂತಿರಲಿಲ್ಲ. ವಾರದ ಕೊನೆಯಲ್ಲಿ ಒಂದೇ ತೊಟ್ಟಿಯಲ್ಲಿ ಎಲ್ಲರ ಸ್ನಾನ, ಒಬ್ಬೊಬ್ಬರಿಗೆ ಒಂದೊಂದು ಮೂಲೆ. ಹೀಗೆ 25 ತಿಂಗಳು.

ಸೋಮವಾರ ಇದನ್ನು ಕ್ಲಾಸಿನಲ್ಲಿ ಹೇಳಿದೆ. 60 ಲಕ್ಷ ಅಂತ ಬರೆದಾಗ ಬಾರದ ಮೌನ ಅವತ್ತು ಬಂತು. ಒಬ್ಬ ಹುಡುಗ ಸುಮ್ನೆ ಬಾಯಿಗೆ ಕೈ ಅಡ್ಡ ಹಿಡಿದು ಕೂತಿದ್ದ. ತನಗೇ ಕೆಮ್ಮು ಬರುತ್ತಿದೆಯೇನೋ ಎಂಬಂತೆ.

ಆ ಹುಡುಗಿಯ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಈ ಪತ್ರ ಬರೆಯುವುದಕ್ಕೆ ಅದೇ ಕಾರಣ.

ಯಹೂದಿಗಳಿಗೆ ಆಸರೆ ಕೊಟ್ಟವರ ಸಿನಿಮಾ ಅಂದ ಕೂಡಲೇ ನಾವೆಲ್ಲ ತೋರಿಸುವುದು ಒಂದೇ, 'ಶಿಂಡ್ಲರ್ಸ್ ಲಿಸ್ಟ್'. 1993ರದ್ದು, ಸ್ಪೀಲ್‌ಬರ್ಗ್ ಮಾಡಿದ್ದು. ದೊಡ್ಡ ಸಿನಿಮಾ, ಅದರಲ್ಲಿ ಎರಡು ಮಾತಿಲ್ಲ. ನಾನು ಮೂರು ಸಲ ನೋಡಿದ್ದೇನೆ, ಮೂರು ಸಲವೂ ಅತ್ತಿದ್ದೇನೆ. ಅದು ಬಂದ ಮರುವರ್ಷ ಸ್ಪೀಲ್‌ಬರ್ಗ್ ಒಂದು ಸಂಸ್ಥೆ ಕಟ್ಟಿ, ಬದುಕಿ ಉಳಿದವರ ಮಾತುಗಳನ್ನು ವೀಡಿಯೊ ಮಾಡಿಸಿದರು. 50 ಸಾವಿರಕ್ಕೂ ಜಾಸ್ತಿ ಜನರ ಸಾಕ್ಷಿ ಇವತ್ತು ಉಳಿದಿದ್ದರೆ ಅದಕ್ಕೆ ಆ ಸಿನಿಮಾವೇ ಕಾರಣ. ಅದನ್ನು ತೋರಿಸಬೇಡಿ ಅಂತ ನಾನು ಖಂಡಿತ ಹೇಳುವುದಿಲ್ಲ.

ಆದರೆ ಅದೊಂದನ್ನೇ ತೋರಿಸಿದಾಗ ಏನಾಗುತ್ತದೆ ಅಂತ ನಾನು ನೋಡಿದ್ದೇನೆ. ದೀಪ ಹಾಕಿದ ಮೇಲೆ ಎಲ್ಲರೂ ಕಣ್ಣೊರೆಸಿಕೊಳ್ಳುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ಆ ಕಾಲದಲ್ಲಿ ನಾನಿದ್ದಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ ಅಂತ ಒಳಗೇ ಅಂದುಕೊಂಡು ಮನೆಗೆ ಹೋಗುತ್ತಾರೆ. ನನಗೂ ಹಾಗೇ ಅನ್ನಿಸಿತ್ತು. ಶಿಂಡ್ಲರ್ ಕಾರ್ಖಾನೆಯ ಮಾಲೀಕ. ಕೈಯಲ್ಲಿ ದುಡ್ಡಿತ್ತು, ಅಧಿಕಾರಿಗಳ ಜೊತೆ ಕೂತು ಕುಡಿಯುವಷ್ಟು ಸಲುಗೆ ಇತ್ತು. ನಮ್ಮ ಮಕ್ಕಳು ಹೀರೋಗಳನ್ನು ನೋಡಿಕೊಂಡೇ ಬೆಳೆದವರು. ಎತ್ತರದ, ಚೆಂದದ, ಕೋಟು ಹಾಕಿದ ಮನುಷ್ಯ ಸಾವಿರ ಜನರನ್ನು ಬದುಕಿಸಿದರೆ ಅವರಿಗೆ ಆಶ್ಚರ್ಯವೇ ಆಗುವುದಿಲ್ಲ. ಹೀರೋ ಅಂದರೆ ಅದನ್ನೇ ಅಲ್ವಾ ಮಾಡುವುದು?

ಲೆಕ್ಕ ನೋಡಿದರೆ ಮಾತ್ರ ಎದೆ ಧಸಕ್ಕೆನ್ನುತ್ತದೆ. ತಮ್ಮ ಜೀವ ಒತ್ತೆಯಿಟ್ಟು ಯಹೂದಿಗಳನ್ನು ಉಳಿಸಿದ ಬೇರೆ ಧರ್ಮದವರನ್ನು ಜೆರುಸಲೇಮಿನ ಯಾದ್ ವಾಶೆಮ್ ಸಂಸ್ಥೆ 1963ರಿಂದ ಹುಡುಕಿ ಹುಡುಕಿ ಗೌರವಿಸುತ್ತಿದೆ. ಒಬ್ಬೊಬ್ಬರಿಗೂ ಸಾಕ್ಷಿ ಬೇಕು, ವಿಚಾರಣೆ ನಡೆಯಬೇಕು. ಇಲ್ಲಿಯವರೆಗೆ ಆ ಪಟ್ಟಿಗೆ ಸೇರಿದವರು 28 ಸಾವಿರಕ್ಕೂ ಸ್ವಲ್ಪ ಜಾಸ್ತಿ. ಹೆಸರು ಹೊರಗೆ ಬಾರದವರು ಇನ್ನೂ ಎಷ್ಟೋ ಜನ ಇರಬೇಕು, ಇರಲಿ. ಆದರೂ ಕೋಟಿಗಟ್ಟಲೆ ಜನರಿದ್ದ ಯೂರೋಪಿನಲ್ಲಿ ಬಾಗಿಲು ತೆರೆದವರು ಇಷ್ಟೇ. ಉಳಿದವರಲ್ಲಿ ಬಹಳಷ್ಟು ಜನ ಕೆಟ್ಟವರೇನಲ್ಲ. ಹೆದರಿದವರು, ಮಕ್ಕಳೊಂದಿಗರು, ನಮ್ಮಂಥವರು.

ಹಾಗಾಗಿ ನನ್ನ ಕೋರಿಕೆ ಇಷ್ಟು. ಬಾಗಿಲು ತೆರೆಯುವುದು ಅಂದರೆ ದಿನದಿನದ ಎಂಥ ಕೆಲಸ ಅಂತ ಕಾಣಿಸುವ ಸಿನಿಮಾಗಳನ್ನು ತೋರಿಸಿ. ಅವುಗಳ ಪಕ್ಕದಲ್ಲೇ ಬಾಗಿಲು ಮುಚ್ಚಿದವರ ಸಿನಿಮಾವನ್ನೂ ತೋರಿಸಿ. ನನಗೆ ಗೊತ್ತಿರುವ ಕೆಲವನ್ನು ಹೇಳುತ್ತೇನೆ.

ಮೊದಲು ಮೀಪ್ ಹೀಸ್. ಆನ್ ಫ್ರಾಂಕ್ ಹೆಸರು ಕೇಳದ ಮಕ್ಕಳಿಲ್ಲ, ಮೀಪ್ ಹೆಸರು ಕೇಳಿದ ಮಕ್ಕಳು ಅಪರೂಪ. 1995ರಲ್ಲಿ ಜಾನ್ ಬ್ಲೇರ್ ಮಾಡಿದ 'ಆನ್ ಫ್ರಾಂಕ್ ರಿಮೆಂಬರ್ಡ್' ಎಂಬ ಸಾಕ್ಷ್ಯಚಿತ್ರದಲ್ಲಿ ಆಕೆ ಸ್ವತಃ ಇದ್ದಾರೆ. ಆಮ್‌ಸ್ಟರ್‌ಡ್ಯಾಮಿನಲ್ಲಿ ಆನ್‌ಳ ಅಪ್ಪ ಒಟ್ಟೊ ಫ್ರಾಂಕ್ ನಡೆಸುತ್ತಿದ್ದ ಕಂಪನಿಯಲ್ಲಿ ಆಫೀಸ್ ಕೆಲಸ ಮಾಡುತ್ತಿದ್ದ ಹೆಂಗಸು. ಹುಟ್ಟಿದ್ದು ವಿಯೆನ್ನಾದಲ್ಲಿ. ಮೊದಲ ಮಹಾಯುದ್ಧದ ನಂತರ ಊಟವಿಲ್ಲದೆ ಬಡಕಲಾಗಿದ್ದ ವಿಯೆನ್ನಾದ ಮಕ್ಕಳನ್ನು ಡಚ್ ಮನೆಗಳಿಗೆ ಕಳಿಸಿದರು. 1920ರಲ್ಲಿ ಹಾಗೆ ಬಂದ ಮಕ್ಕಳಲ್ಲಿ 11 ವರ್ಷದ ಮೀಪ್ ಕೂಡ ಒಬ್ಬಳು. ಆ ಮನೆಯವರು ಆಕೆಯನ್ನು ಮಗಳಂತೆ ಸಾಕಿದರು. ಬೇರೆಯವರ ಮನೆಯ ಅನ್ನ ತಿಂದು ಬದುಕಿದ ಹುಡುಗಿ ದೊಡ್ಡವಳಾದ ಮೇಲೆ, ಆನ್ ಸೇರಿ ಆಫೀಸಿನ ಮೇಲೆ ಅಡಗಿದ್ದ ಎಂಟು ಜನರ ಅನ್ನದ ಹೊಣೆ ಹೊತ್ತುಕೊಂಡಳು.

ಆ ಹೊಣೆ ಅಂದರೆ ಏನು? ಯುದ್ಧದ ಕಾಲ. ದಿನಸಿ ಬೇಕಾದರೆ ರೇಷನ್ ಕೂಪನ್ ಬೇಕು. ಅಡಗಿದವರ ಹೆಸರಿನಲ್ಲಿ ಕೂಪನ್ ತರುವುದು ಹೇಗೆ? ಮೀಪ್ ಗಂಡ ಯಾನ್ ಗುಟ್ಟಾಗಿ ಹೋರಾಡುತ್ತಿದ್ದವರ ಕಡೆಯಿಂದ ತರುತ್ತಿದ್ದ. ಒಂದೇ ಅಂಗಡಿಯಲ್ಲಿ ಅಷ್ಟೊಂದು ತರಕಾರಿ ಕೊಂಡರೆ ಅನುಮಾನ ಬರುತ್ತದೆ. ತರಕಾರಿ ಅಂಗಡಿಯವನು ಏನೂ ಕೇಳದೆ ಕೊಡುತ್ತಿದ್ದ. ಅವನೂ ತನ್ನ ಮನೆಯಲ್ಲಿ ಇಬ್ಬರು ಯಹೂದಿಗಳನ್ನು ಬಚ್ಚಿಟ್ಟಿದ್ದ. 1944ರ ಮೇ ತಿಂಗಳಲ್ಲಿ ಅವನನ್ನು ಹಿಡಿದುಕೊಂಡು ಹೋದರು. ಜೊತೆಗೆ ಲೈಬ್ರರಿ ಪುಸ್ತಕ, ಹುಟ್ಟುಹಬ್ಬದ ಉಡುಗೊರೆ, ಹೊರಗಿನ ಸುದ್ದಿ. ಮೇಲಿನ ಎಂಟು ಜನ ಇವರ ಹೆಜ್ಜೆ ಸದ್ದಿಗೇ ಕಾಯುತ್ತಿದ್ದರು. ಇಷ್ಟು ಸಾಲದು ಅಂತ ಮೀಪ್ ಮತ್ತು ಯಾನ್ ತಮ್ಮ ಸ್ವಂತ ಮನೆಯಲ್ಲೂ ನಾಜಿಗಳಿಂದ ತಪ್ಪಿಸಿಕೊಂಡ ಒಬ್ಬ ಕಾಲೇಜು ಹುಡುಗನನ್ನು ಇಟ್ಟುಕೊಂಡಿದ್ದರು. ಫ್ರಾಂಕ್ ಕುಟುಂಬಕ್ಕೆ ಅದನ್ನು ಹೇಳಲಿಲ್ಲ. ಹೇಳಿದರೆ ಅವರಿಗೆ ಇನ್ನಷ್ಟು ಹೆದರಿಕೆ ಆಗುತ್ತಿತ್ತು.

1944ರ ಆಗಸ್ಟ್ 4ರಂದು ಪೊಲೀಸರು ಬಂದು ಎಂಟು ಜನರನ್ನೂ ಕರೆದೊಯ್ದರು. ಆ ಅಧಿಕಾರಿಯೂ ವಿಯೆನ್ನಾದವನೇ. ಒಂದೇ ಊರಿನವರಲ್ಲವಾ ಎಂಬ ಸಣ್ಣ ಆಸೆಯಲ್ಲಿ ಮೀಪ್ ಆಮೇಲೆ ಅವನ ಆಫೀಸಿಗೇ ಹೋಗಿ ದುಡ್ಡು ಕೊಡುತ್ತೇವೆ, ಅವರನ್ನು ಬಿಟ್ಟುಬಿಡಿ ಅಂತ ಕೇಳಿದರು. ಆಗಲಿಲ್ಲ. ನೆಲದ ಮೇಲೆ ಚೆಲ್ಲಾಡಿದ್ದ ಆನ್‌ಳ ಡೈರಿಯ ಹಾಳೆಗಳನ್ನು ಆರಿಸಿ ತಮ್ಮ ಮೇಜಿನ ಡ್ರಾಯರಿನಲ್ಲಿ ಇಟ್ಟರು. ಒಂದಕ್ಷರವನ್ನೂ ಓದಲಿಲ್ಲ. ಎಂಟು ಜನರಲ್ಲಿ ವಾಪಸು ಬಂದದ್ದು ಅಪ್ಪ ಒಬ್ಬನೇ. ಅವನ ಕೈಗೆ ಆ ಹಾಳೆಗಳನ್ನು ಕೊಟ್ಟರು.

ಈ ಸಾಕ್ಷ್ಯಚಿತ್ರದಲ್ಲಿ ಒಂದು ಭೇಟಿ ಇದೆ. ಅಡಗಿದ್ದವರಲ್ಲಿ ಫ್ರಿಟ್ಸ್ ಫೆಫರ್ ಎಂಬ ಹಲ್ಲಿನ ಡಾಕ್ಟರ್ ಒಬ್ಬರಿದ್ದರು. ಅವರು ತಮ್ಮ ಮಗನನ್ನು ಯುದ್ಧಕ್ಕೆ ಮೊದಲೇ ಇಂಗ್ಲೆಂಡಿಗೆ ಕಳಿಸಿ ಉಳಿಸಿದ್ದರು. ಆ ಮಗ ಮುದುಕನಾದ ಮೇಲೆ ಮೀಪ್ ಮುಂದೆ ಬಂದು ನಿಂತು, ನನ್ನ ಅಪ್ಪನಿಗೆ ನೀವು ಮಾಡಿದ್ದಕ್ಕೆ ಧನ್ಯವಾದ ಅನ್ನುತ್ತಾನೆ. ಅಷ್ಟೇ. ಹಿನ್ನೆಲೆ ಸಂಗೀತ ಏನೂ ಬೇಕಿಲ್ಲ ಅದಕ್ಕೆ. ದಯವಿಟ್ಟು ಆ ಜಾಗದಲ್ಲಿ ಸಿನಿಮಾ ನಿಲ್ಲಿಸಿ ವಿವರಣೆ ಕೊಡಬೇಡಿ. ನಾನು ಕೊಟ್ಟು ಕೆಡಿಸಿದ್ದೇನೆ.

ಮೀಪ್ 2010ರಲ್ಲಿ ತೀರಿಕೊಂಡಾಗ 100 ವರ್ಷ. ನನ್ನನ್ನು ಹೀರೋ ಅಂತ ಕರೆಯಬೇಡಿ ಅಂತ ಕೊನೆಯವರೆಗೂ ಹೇಳುತ್ತಿದ್ದರು. ಇನ್ನೊಬ್ಬರಿಗೆ ಸಹಾಯ ಮಾಡಬೇಕಾದರೆ ಹೀರೋ ಆಗಿರಬೇಕು ಅಂತ ಮಕ್ಕಳು ತಿಳಿದುಕೊಂಡರೆ, ಆಮೇಲೆ ಸಹಾಯಕ್ಕೆ ಯಾರೂ ಬರುವುದಿಲ್ಲ ಎಂಬ ಚಿಂತೆ ಅವರದು.

ಎರಡನೆಯದು 'ಇನ್ ಡಾರ್ಕ್‌ನೆಸ್'. ಪೋಲೆಂಡಿನ ನಿರ್ದೇಶಕಿ ಅಗ್ನಿಯೆಷ್ಕಾ ಹಾಲಂಡ್ 2011ರಲ್ಲಿ ಮಾಡಿದ್ದು. ಇದು ಹೈಸ್ಕೂಲ್ ಮಕ್ಕಳಿಗಲ್ಲ, ಮೊದಲೇ ಹೇಳಿಬಿಡುತ್ತೇನೆ. ದೊಡ್ಡವರಿಗೆ ತೋರಿಸಿ. ಲ್ವೂಫ್ ಅಂತ ಒಂದು ಊರು, ಇವತ್ತು ಉಕ್ರೇನಿನಲ್ಲಿದೆ, ಈಗಿನ ಹೆಸರು ಲ್ವಿವ್. ಅಲ್ಲಿ ಲಿಯೋಪೋಲ್ಡ್ ಸೋಹಾ ಎಂಬ ಒಳಚರಂಡಿ ಕೆಲಸಗಾರ. ಕಳ್ಳತನವನ್ನೂ ಮಾಡುತ್ತಿದ್ದವನು. 1943ರಲ್ಲಿ ಊರಿನ ಯಹೂದಿಗಳನ್ನೆಲ್ಲ ಕೊಲ್ಲಲು ನಾಜಿಗಳು ಮುತ್ತಿದಾಗ ಕೆಲವರು ನೆಲ ಕೊರೆದು ಚರಂಡಿಗೆ ಇಳಿದರು. ಅಲ್ಲಿ ಸೋಹಾ ಎದುರಾದ. ಹಿಡಿದು ಕೊಡಬಹುದಿತ್ತು, ಅದಕ್ಕೆ ಇನಾಮು ಇತ್ತು. ಅವನು ವ್ಯಾಪಾರಕ್ಕೆ ಕೂತ. ದಿನಕ್ಕೆ ಇಷ್ಟು ದುಡ್ಡು ಕೊಡಿ, ನಿಮ್ಮನ್ನು ಬಚ್ಚಿಟ್ಟು ಊಟ ತಂದುಕೊಡುತ್ತೇನೆ.

ಹೀಗೆ ಶುರುವಾದದ್ದು 14 ತಿಂಗಳು ನಡೆಯಿತು. ಇಲಿ, ಹೊಲಸು, ಕತ್ತಲು. ಚಿಕ್ಕ ಮಕ್ಕಳೂ ಇದ್ದರು ಅಲ್ಲಿ. ಒಂದು ಸಲ ಜೋರು ಮಳೆಗೆ ನೀರು ನುಗ್ಗಿ ಎಲ್ಲರೂ ಮುಳುಗುವಂತಾಯಿತು. ಅಷ್ಟರಲ್ಲಿ ಅವರ ಕೈಯಲ್ಲಿದ್ದ ದುಡ್ಡೂ ಮುಗಿದುಹೋಗಿತ್ತು. ಸೋಹಾ ಬರುವುದನ್ನು ನಿಲ್ಲಿಸಲಿಲ್ಲ. ಆದರೆ ಸಿನಿಮಾದಲ್ಲಿ ಅವನು ಏನು ಮಾಡುತ್ತಾನೆ ನೋಡಿ. ತನ್ನದೇ ದುಡ್ಡನ್ನು ಅವರ ಕೈಗೆ ಕೊಟ್ಟು, ನನ್ನ ಜೊತೆಗಾರನ ಎದುರು ಇದನ್ನು ನನಗೆ ಕೊಡಿ ಅನ್ನುತ್ತಾನೆ. ಬಿಟ್ಟಿ ಮಾಡುತ್ತಿದ್ದೇನೆ ಅಂತ ಅವನಿಗೆ ಗೊತ್ತಾಗಬಾರದು! ಒಳ್ಳೆಯವನಾಗಿದ್ದಕ್ಕೆ ನಾಚಿಕೆ ಪಡುವ ಮನುಷ್ಯ. ಈ ಒಂದು ದೃಶ್ಯಕ್ಕಾಗಿ ನಾನು ಆ ಸಿನಿಮಾವನ್ನು ಯಾವ ದೊಡ್ಡವರಿಗೆ ಬೇಕಾದರೂ ತೋರಿಸಲು ಸಿದ್ಧ. ಒಳ್ಳೆಯತನ ಮನುಷ್ಯನೊಳಗೆ ಇದ್ದಕ್ಕಿದ್ದಂತೆ ಬಂದು ಕೂರುವುದಿಲ್ಲ. ದಿನಾ ರೊಟ್ಟಿ ಹೊತ್ತುಕೊಂಡು ಹೋಗಿ ಹೋಗಿ ಅದು ಬೆಳೆಯುತ್ತದೆ ಅಂತ ನನಗೆ ಕಂಡದ್ದು ಅಲ್ಲಿ.

ಅವನಿಗಿದ್ದ ಅಪಾಯವೂ ಸಣ್ಣದಲ್ಲ. ನಾಜಿಗಳು ಹಿಡಿದಿದ್ದ ಪೋಲೆಂಡಿನಲ್ಲಿ 1941ರ ಅಕ್ಟೋಬರಿನಿಂದ ಯಹೂದಿಗಳಿಗೆ ಆಸರೆ ಕೊಟ್ಟವರಿಗೆ ಮರಣದಂಡನೆ. ಮಾರ್ಕೋವಾ ಎಂಬ ಹಳ್ಳಿಯಲ್ಲಿ ಉಲ್ಮಾ ಕುಟುಂಬ ಎಂಟು ಯಹೂದಿಗಳನ್ನು ಮನೆಯಲ್ಲಿಟ್ಟುಕೊಂಡಿತ್ತು. 1944ರ ಮಾರ್ಚ್ 24ರಂದು ಆ ಎಂಟು ಜನರ ಜೊತೆ ಗಂಡ, ತುಂಬು ಗರ್ಭಿಣಿ ಹೆಂಡತಿ, ಅವರ ಆರು ಮಕ್ಕಳು, ಎಲ್ಲರನ್ನೂ ಗುಂಡಿಟ್ಟು ಕೊಂದರು. ಸೋಹಾನಿಗೂ ಹೆಂಡತಿ, ಮಗಳು ಇದ್ದರು.

ಕೊನೆಗೆ ಮ್ಯಾನ್‌ಹೋಲಿನಿಂದ 10 ಜನ ಜೀವಂತ ಹೊರಗೆ ಬಂದರು. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಲಾರಿಯ ಅಡಿಗೆ ಬೀಳಲಿದ್ದ ಮಗಳನ್ನು ತಳ್ಳಿ ಉಳಿಸಲು ಹೋಗಿ ಸೋಹಾ ತಾನೇ ಸತ್ತ. ಯಹೂದಿಗಳಿಗೆ ಸಹಾಯ ಮಾಡಿದ್ದಕ್ಕೆ ದೇವರು ಕೊಟ್ಟ ಶಿಕ್ಷೆ ಅಂತ ಅವನನ್ನು ಮಣ್ಣು ಮಾಡುವಾಗ ಯಾರೋ ಆಡಿಕೊಂಡರಂತೆ. ಸಿನಿಮಾ ಆ ಮಾತನ್ನು ಪರದೆಯ ಮೇಲೆ ಬರೆದು ಮುಗಿಯುತ್ತದೆ.

ಚರಂಡಿಗೆ ಇಳಿಯುವವರನ್ನು ನಮ್ಮ ಊರುಗಳಲ್ಲಿ ನಾವು ಹೇಗೆ ನೋಡುತ್ತೇವೆ ಅಂತ ನಮಗೆಲ್ಲ ಗೊತ್ತು. ಅವರ ಮಕ್ಕಳೂ ನಮ್ಮ ಕ್ಲಾಸುಗಳಲ್ಲಿ ಕೂತಿರುತ್ತಾರೆ. ಇಂಥ ಕೆಲಸ ಮಾಡುವವನೊಬ್ಬನ ಕೈಯಲ್ಲಿ ಹತ್ತು ಜೀವ ಇದ್ದವು ಎಂಬುದು ಅವರ ಕಿವಿಗೂ ಬೀಳಲಿ. ಸಿನಿಮಾ ತೋರಿಸಲಾಗದಿದ್ದರೂ ಕಥೆಯನ್ನಾದರೂ ಹೇಳಿ.

ಅಗ್ನಿಯೆಷ್ಕಾ ಹಾಲಂಡ್ 2023ರಲ್ಲಿ 'ಗ್ರೀನ್ ಬಾರ್ಡರ್' ಎಂಬ ಇನ್ನೊಂದು ಸಿನಿಮಾ ಮಾಡಿದರು. ಪೋಲೆಂಡ್ ಮತ್ತು ಬೆಲಾರೂಸ್ ಗಡಿಯ ಕಾಡಿನಲ್ಲಿ ಸಿಕ್ಕಿಬಿದ್ದ ಇಂದಿನ ನಿರಾಶ್ರಿತರ ಕಥೆ, ಅವರಿಗೆ ಬಾಗಿಲು ತೆರೆದ ಇಂದಿನ ಜನರ ಕಥೆ. ಅದಕ್ಕೆ ಅವರ ದೇಶದ ಮಂತ್ರಿಗಳೇ ಅವರ ಮೇಲೆ ಹರಿಹಾಯ್ದರು. ಎರಡನ್ನೂ ಒಂದಾದ ಮೇಲೊಂದು ತೋರಿಸುವ ಧೈರ್ಯ ಯಾವುದಾದರೂ ಚಿತ್ರಸಮಾಜಕ್ಕೆ ಇದ್ದರೆ ನಾನು ಎಷ್ಟು ದೂರವಾದರೂ ಬಸ್ ಹತ್ತಿ ಬರುತ್ತೇನೆ.

ಇನ್ನು ಫ್ರಾನ್ಸಿನ ಲ ಶಾಂಬೊಂ ಹಳ್ಳಿ. ಚಳಿಯ ಗುಡ್ಡದ ಮೇಲೆ ಬಡ ರೈತರ ಊರು. ಹೆಚ್ಚಿನವರು ಪ್ರಾಟೆಸ್ಟಂಟರು. ಕ್ಯಾಥೊಲಿಕ್ ರಾಜರು ತಮ್ಮ ಹಿರಿಯರನ್ನು ನೂರಾರು ವರ್ಷ ಅಟ್ಟಾಡಿಸಿದ ಕಥೆ ಅಲ್ಲಿ ಮನೆಮನೆಯಲ್ಲೂ ಇತ್ತು. ಅಡಗುವುದು ಅಂದರೆ ಏನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪಾದ್ರಿ ಆಂದ್ರೆ ತ್ರೋಕ್ಮೆ, ಆತನ ಹೆಂಡತಿ ಮಾಗ್ಡಾ. ಜರ್ಮನಿ ಫ್ರಾನ್ಸನ್ನು ಗೆದ್ದ ಮೇಲಿನ ಮೊದಲ ಚಳಿಗಾಲದ ಒಂದು ರಾತ್ರಿ ಜರ್ಮನಿಯಿಂದ ಓಡಿಬಂದ ಯಹೂದಿ ಹೆಂಗಸೊಬ್ಬಳು ಹಿಮದಲ್ಲಿ ನೆನೆದು ಬಂದು ಬಾಗಿಲು ತಟ್ಟಿದಳು. ಮಾಗ್ಡಾ ಒಳಗೆ ಬನ್ನಿ ಅಂದರು. ಆಮೇಲೆ ಆಕೆಗೆ ಕಾಗದಪತ್ರ ಮಾಡಿಸಿಕೊಡಲು ಮೇಯರ್ ಹತ್ತಿರ ಹೋದರೆ ಆತ ಸಿಡುಕಿದ. ಆಕೆ ಊರು ಬಿಡಬೇಕಾಯಿತು. ಅಲ್ಲಿಂದ ಮುಂದೆ ಮೇಯರನ್ನು ಕೇಳುವುದನ್ನೇ ಬಿಟ್ಟರು. ಊರಿಗೆ ಊರೇ ಕಳ್ಳ ಕಾಗದ ಮಾಡುವುದನ್ನು, ಸುಳ್ಳು ಹೇಳುವುದನ್ನು ಕಲಿಯಿತು. ಯಹೂದಿಗಳ ಪಟ್ಟಿ ಕೊಡಿ ಅಂತ ಅಧಿಕಾರಿಗಳು ಕೇಳಿದಾಗ, ಯಹೂದಿ ಅಂದರೆ ಏನು ಅಂತ ನಮಗೆ ಗೊತ್ತಿಲ್ಲ, ನಮಗೆ ಗೊತ್ತಿರುವುದು ಮನುಷ್ಯರು ಮಾತ್ರ ಅಂತ ತ್ರೋಕ್ಮೆ ಉತ್ತರ ಕೊಟ್ಟ. ಕೆಲವು ಸಾವಿರ ಜನ ಅಲ್ಲಿ ಬದುಕಿಕೊಂಡರು. ಅವನ ಸಂಬಂಧಿ ಡೇನಿಯಲ್ ತ್ರೋಕ್ಮೆ ಮಾತ್ರ ತಾನು ನೋಡಿಕೊಳ್ಳುತ್ತಿದ್ದ ಹುಡುಗರ ಜೊತೆಗೇ ಸೆರೆಯಾಗಿ ನಾಜಿಗಳ ಮೈದಾನೆಕ್ ಶಿಬಿರದಲ್ಲಿ ಸತ್ತ.

1944ರ ಮಾರ್ಚಿನಲ್ಲಿ ಆ ಊರಿನಲ್ಲಿ ಹುಟ್ಟಿದ ಯಹೂದಿ ಮಗುವೊಂದು ಬೆಳೆದು ಸಿನಿಮಾ ನಿರ್ದೇಶಕನಾಯಿತು. ಹೆಸರು ಪಿಯರ್ ಸೊವಾಜ್. ಅವರು ಅಲ್ಲಿಗೇ ವಾಪಸು ಹೋಗಿ 'ವೆಪನ್ಸ್ ಆಫ್ ದ ಸ್ಪಿರಿಟ್' ಮಾಡಿದರು. ಮುದುಕ ಮುದುಕಿಯರ ಮುಂದೆ ಕ್ಯಾಮೆರಾ ಇಟ್ಟು, ಯಾಕೆ ಮಾಡಿದಿರಿ ಅಂತ ಕೇಳುತ್ತಾರೆ. ಅವರಿಗೆ ಏನು ಹೇಳಬೇಕೋ ಗೊತ್ತಾಗುವುದಿಲ್ಲ. ಭುಜ ಕುಣಿಸುತ್ತಾರೆ. ಬಂದರು, ಇಟ್ಟುಕೊಂಡೆವು, ಅದರಲ್ಲೇನಿದೆ ಎಂಬಂತೆ. ನಮ್ಮ ಅಜ್ಜಿಯಂದಿರನ್ನು ಹೊತ್ತಲ್ಲದ ಹೊತ್ತಿನಲ್ಲಿ ಬಂದವರಿಗೆ ಯಾಕೆ ಊಟ ಹಾಕಿದೆ ಅಂತ ಕೇಳಿದರೆ ಹೀಗೇ ನೋಡುತ್ತಿದ್ದರೇನೋ. ನಿಧಾನದ ಸಿನಿಮಾ ಇದು. ಮಕ್ಕಳು ಆಕಳಿಸಬಹುದು. ಆಕಳಿಸಲಿ, ಆ ಮುಖಗಳು ನೆನಪಿನಲ್ಲಿ ಉಳಿಯುತ್ತವೆ.

ಹೈಸ್ಕೂಲಿಗೆ ಯಾವುದಾದರೂ ಒಂದೇ ಒಂದು ಅಂದರೆ ನಾನು ಲೂಯಿ ಮಾಲ್ ಅವರ 'ಓ ರೆವಾರ್ ಲೆಸಾಂಫಾಂ' ಅನ್ನುತ್ತೇನೆ. ಹೋಗಿ ಬರ್ತೀನಿ ಮಕ್ಕಳೇ ಅಂತ ಅರ್ಥ. 1987ರ ಸಿನಿಮಾ. ಮಾಲ್ ಹುಡುಗನಾಗಿದ್ದಾಗ ಓದುತ್ತಿದ್ದ ಬೋರ್ಡಿಂಗ್ ಶಾಲೆಯಲ್ಲಿ ನಡೆದದ್ದು. ಹೆಡ್‌ಮಾಸ್ಟರ್ ಆಗಿದ್ದ ಪಾದ್ರಿ ಪೇರ್ ಜಾಕ್ ಮೂವರು ಯಹೂದಿ ಹುಡುಗರನ್ನು ಬೇರೆ ಹೆಸರು ಕೊಟ್ಟು ಶಾಲೆಗೆ ಸೇರಿಸಿಕೊಂಡಿದ್ದರು. 1944ರ ಜನವರಿ 15ರಂದು ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಬಂತು. ಮೂವರು ಹುಡುಗರು ನಾಜಿಗಳ ಸಾವಿನ ಶಿಬಿರ ಆಶ್‌ವಿಟ್ಸ್‌ನಲ್ಲಿ ಸತ್ತರು. ಪಾದ್ರಿ ಶಿಬಿರದಿಂದ ಬಿಡುಗಡೆಯಾದ ಕೆಲವೇ ವಾರಗಳಲ್ಲಿ, 1945ರ ಜೂನ್ ತಿಂಗಳಲ್ಲಿ ತೀರಿಕೊಂಡರು. ಮಾಲ್ ಈ ಕಥೆಯನ್ನು 40 ವರ್ಷ ಒಳಗೇ ಇಟ್ಟುಕೊಂಡಿದ್ದರು.

ಸಿನಿಮಾದಲ್ಲಿ ಸುಳಿವು ಕೊಟ್ಟವನು ಅಡುಗೆಮನೆಯಲ್ಲಿ ಕೆಲಸ ಮಾಡುವ ಕುಂಟ ಹುಡುಗ ಜೋಸೆಫ್. ಶಾಲೆಯ ಶ್ರೀಮಂತ ಹುಡುಗರು ಅವನ ಜೊತೆ ಸೇರಿ ಕಳ್ಳ ವ್ಯಾಪಾರ ಮಾಡುತ್ತಾರೆ. ಸಿಕ್ಕಿಬಿದ್ದಾಗ ಕೆಲಸ ಹೋಗುವುದು ಅವನೊಬ್ಬನದೇ. ಹುಡುಗರು ಶಾಲೆಯಲ್ಲೇ ಉಳಿಯುತ್ತಾರೆ. ಇದು ಅನ್ಯಾಯ ಅಂತ ಪಾದ್ರಿಗೂ ಗೊತ್ತು, ಆದರೂ ಅವನನ್ನು ಹೊರಗೆ ಹಾಕುತ್ತಾರೆ. ಆ ಸಿಟ್ಟಿಗೆ ಅವನು ಹೋಗಿ ಹೇಳುತ್ತಾನೆ. ನಮ್ಮ ಶಾಲೆಯಲ್ಲಿ ಇದನ್ನು ಹಾಕಿದಾಗ ಬಸ್ಸಿನ ಹೊತ್ತಾದರೂ ಮಕ್ಕಳು ಎದ್ದು ಹೋಗಲಿಲ್ಲ. ಜೋಸೆಫ್‌ದೇ ತಪ್ಪು ಅಂತ ಅರ್ಧ ಜನ, ಫಾದರ್‌ದು ತಪ್ಪು ಅಂತ ಅರ್ಧ ಜನ. ಕೊನೆಗೆ ಒಬ್ಬಳು ಕೇಳಿದಳು, "ಜೂಲಿಯಾಂದು ತಪ್ಪಿಲ್ವಾ?" ಗೆಸ್ಟಾಪೊದವನು ಕ್ಲಾಸಿಗೆ ಬಂದು ಯಹೂದಿ ಯಾರು ಅಂತ ಹುಡುಕುವಾಗ ಸಿನಿಮಾದ ಮುಖ್ಯ ಹುಡುಗ ಜೂಲಿಯಾಂ ತನ್ನ ಯಹೂದಿ ಗೆಳೆಯನ ಕಡೆ ಒಂದು ಸಲ ತಿರುಗಿ ನೋಡುತ್ತಾನೆ. ಒಂದೇ ಸಲ. ಅದು ಸಾಕಾಗುತ್ತದೆ. ಈ ಪ್ರಶ್ನೆಗೂ ನನ್ನಲ್ಲಿ ಉತ್ತರ ಇರಲಿಲ್ಲ.

ಈಗ ಬಾಗಿಲು ಮುಚ್ಚಿದವರ ಮಾತು. ಇದನ್ನು ತೋರಿಸಲು ನಮಗೆಲ್ಲ ಹಿಂಜರಿಕೆ, ಗೊತ್ತು. ಆದರೆ ಇದಿಲ್ಲದೆ ಮೇಲಿನವು ಪೂರ್ತಿ ಅರ್ಥವಾಗುವುದಿಲ್ಲ.

ಪೋಲೆಂಡಿನ ಕೀಸ್ಲೊವ್ಸ್ಕಿ ಟೀವಿಗಾಗಿ ಹತ್ತು ಕಂತಿನ 'ಡೆಕಲಾಗ್' ಮಾಡಿದರು. ಅದರ ಎಂಟನೆಯ ಕಂತು ಒಂದು ಗಂಟೆಯೂ ಇಲ್ಲ. ವಾರ್ಸಾದಲ್ಲಿ ನೀತಿಶಾಸ್ತ್ರ ಪಾಠ ಮಾಡುವ ವಯಸ್ಸಾದ ಪ್ರೊಫೆಸರ್ ಒಬ್ಬರು. ಎಲ್ಲರೂ ಗೌರವಿಸುವ ಹೆಂಗಸು. ಅಮೆರಿಕದಿಂದ ಬಂದ ಒಬ್ಬ ಮಹಿಳೆ ಅವರ ಕ್ಲಾಸಿನಲ್ಲಿ ಕೂತು ಒಂದು ಕಥೆ ಹೇಳುತ್ತಾಳೆ. 1943ರ ಚಳಿಗಾಲ. ಆರು ವರ್ಷದ ಯಹೂದಿ ಹುಡುಗಿಯನ್ನು ಒಂದು ಮನೆಗೆ ಕರೆದುಕೊಂಡು ಬರುತ್ತಾರೆ. ಆಕೆಗೆ ಕ್ರೈಸ್ತಳು ಅಂತ ತೋರಿಸಲು ಜ್ಞಾನಸ್ನಾನದ ಸರ್ಟಿಫಿಕೇಟ್ ಬೇಕು. ಸಾಕ್ಷಿಯಾಗಿ ನಿಲ್ಲಲು ಒಪ್ಪಿದ್ದ ಗಂಡ ಹೆಂಡತಿ ಕೊನೆಯ ಗಳಿಗೆಯಲ್ಲಿ ಆಗುವುದಿಲ್ಲ ಅನ್ನುತ್ತಾರೆ. ದೇವರ ಮುಂದೆ ಸುಳ್ಳು ಹೇಳಲಾರೆವು ಎಂಬ ಕಾರಣ. ಕರ್ಫ್ಯೂ ಹೊತ್ತಾಗುತ್ತಿದೆ. ಹುಡುಗಿಯನ್ನು ಮತ್ತೆ ಬೀದಿಗೆ ಕರೆದೊಯ್ಯುತ್ತಾರೆ. ಕಥೆ ಹೇಳುತ್ತಿರುವವಳೇ ಆ ಹುಡುಗಿ. ಕೇಳುತ್ತಿರುವ ಪ್ರೊಫೆಸರೇ ಆ ಹೆಂಡತಿ.

ಆಮೇಲೆ ನಿಜವಾದ ಕಾರಣ ತಿಳಿಯುತ್ತದೆ. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ, ನೀವೇ ನೋಡಿ. ಇಬ್ಬರಲ್ಲಿ ಯಾರ ಮೇಲೂ ಸಿಟ್ಟು ಮಾಡಿಕೊಳ್ಳಲು ಆಗುವುದಿಲ್ಲ. ಪ್ರೊಫೆಸರ್ ಆ ರಾತ್ರಿ ಅವಳನ್ನು ತನ್ನ ಮನೆಯಲ್ಲೇ ಮಲಗಿಸಿಕೊಳ್ಳುತ್ತಾರೆ, 40 ಚಿಲ್ಲರೆ ವರ್ಷ ತಡವಾಗಿ.

ಇನ್ನೊಂದು, ಚೆಕೊಸ್ಲೊವಾಕಿಯಾದ 'ದ ಶಾಪ್ ಆನ್ ಮೇನ್ ಸ್ಟ್ರೀಟ್', 1965ರದ್ದು. ಕಾದಾರ್ ಮತ್ತು ಕ್ಲೋಸ್ ಸೇರಿ ಮಾಡಿದ್ದು. ಕಾದಾರ್‌ನ ಅಪ್ಪ ಅಮ್ಮ ತಂಗಿ ಆಶ್‌ವಿಟ್ಸ್‌ನಲ್ಲಿ ಸತ್ತಿದ್ದರು. ಟೋನೊ ಎಂಬ ಬಡಗಿ. ನಾಜಿಗಳ ಪರವಾಗಿದ್ದ ಸರ್ಕಾರ ಅವನಿಗೆ ಯಹೂದಿ ಮುದುಕಿಯೊಬ್ಬಳ, ಅಂಗಿ ಗುಂಡಿ ಮಾರುವ ಅಂಗಡಿಯನ್ನು ಕೊಟ್ಟುಬಿಡುತ್ತದೆ. ಮುದುಕಿಗೆ ಕಿವಿ ಕೇಳದು. ಇವನು ತನಗೆ ಸಹಾಯಕ್ಕೆ ಬಂದ ಹುಡುಗ ಅಂದುಕೊಳ್ಳುತ್ತಾಳೆ. ಅವನಿಗೂ ಅವಳ ಮೇಲೆ ಅಮ್ಮನ ಮೇಲಿರುವಂಥ ಪ್ರೀತಿ ಬೆಳೆಯುತ್ತದೆ. ಯಹೂದಿಗಳನ್ನು ಸಾಗಿಸುವ ದಿನ ಬಂದಾಗ ಬಚ್ಚಿಡಬೇಕೋ, ಹೊರಗೆ ತಳ್ಳಬೇಕೋ ಅಂತ ಗೊತ್ತಾಗದೆ ಒದ್ದಾಡುತ್ತಾನೆ. ಕುಡಿಯುತ್ತಾನೆ, ಬೈಯುತ್ತಾನೆ, ಅಳುತ್ತಾನೆ. ಕೊನೆಗೆ ಉಳಿಸಲು ಹೋದ ಕೈಯಿಂದಲೇ ಅವಳು ಸಾಯುತ್ತಾಳೆ. ಅವನೂ ಉಳಿಯುವುದಿಲ್ಲ. ಶಿಂಡ್ಲರ್‌ನಲ್ಲಿ ನನ್ನನ್ನು ನಾನು ಕಂಡೆ ಅಂತ ಯಾರು ಬೇಕಾದರೂ ಹೇಳಬಹುದು. ಟೋನೊನಲ್ಲಿ ಕಂಡೆ ಅಂತ ಹೇಳಲು ನನಗೆ ಬಹಳ ವರ್ಷ ಬೇಕಾಯಿತು.

ನಮ್ಮ ಕಡೆಯ ಒಂದು ಮಾತು ಹೇಳಬೇಕು. ಬರ್ಲಿನ್ನಿನ ಯಹೂದಿ ಆರ್ಕಿಟೆಕ್ಟ್ ಒಟ್ಟೊ ಕೋನಿಗ್ಸ್‌ಬರ್ಗರ್ ನಾಜಿಗಳ ಕಾರಣಕ್ಕೆ ದೇಶ ಬಿಟ್ಟು, ಈಜಿಪ್ಟಿನಲ್ಲಿದ್ದು, 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಅವರಿಗೆ ಸರ್ಕಾರಿ ಆರ್ಕಿಟೆಕ್ಟ್ ಕೆಲಸ ಕೊಟ್ಟರು. ಬೆಂಗಳೂರಿನ ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪ ಅವರದ್ದೇ. ಟಾಟಾ ಇನ್‌ಸ್ಟಿಟ್ಯೂಟಿನಲ್ಲೂ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ, ಅವರು ಕಟ್ಟಿಸಿದ ಕಟ್ಟಡಗಳಿವೆ. ಅವರ ಸೋದರಮಾವ, ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಕೂಡ ಜರ್ಮನಿಯಲ್ಲಿ ಕೆಲಸ ಕಳೆದುಕೊಂಡ ಮೇಲೆ ಸಿ.ವಿ. ರಾಮನ್ ಕರೆದದ್ದಕ್ಕೆ 1935ರ ಚಳಿಗಾಲದಲ್ಲಿ ಇದೇ ಇನ್‌ಸ್ಟಿಟ್ಯೂಟಿಗೆ ಬಂದಿದ್ದರು. ಅವರನ್ನು ಇಲ್ಲೇ ಉಳಿಸಿಕೊಳ್ಳಲು ರಾಮನ್ ಪಟ್ಟ ಪ್ರಯತ್ನ ನಡೆಯಲಿಲ್ಲ. ಒಂದೇ ಮನೆತನದ ಇಬ್ಬರು. ಒಬ್ಬರಿಗೆ ಬೆಂಗಳೂರಿನ ಬಾಗಿಲು ತೆರೆಯಿತು, ಇನ್ನೊಬ್ಬರಿಗೆ ತೆರೆದಂತಾಗಿ ಮುಚ್ಚಿತು. ಕ್ಯಾಮೆರಾ ಹಿಡಿದ ಹುಡುಗ ಹುಡುಗಿಯರು ಈಗ ಎಲ್ಲ ಕಡೆ ಇದ್ದೀರಿ. ಯಾರಾದರೂ ಇದನ್ನೊಂದು ಸಾಕ್ಷ್ಯಚಿತ್ರ ಮಾಡಿ. ಮಂಟಪ ಅಲ್ಲೇ ಇದೆ, ಬೆಳಿಗ್ಗೆ ಜನ ಅದರ ಪಕ್ಕದಲ್ಲೇ ವಾಕಿಂಗ್ ಮಾಡುತ್ತಾರೆ.

ಕೊನೆಯದು ಭಾಷೆಯ ವಿಷಯ. ಈ ಸಿನಿಮಾಗಳಿಗೆ ಇಂಗ್ಲಿಷ್ ಸಬ್‌ಟೈಟಲ್ ಸಿಗುತ್ತವೆ. ನಮ್ಮ ಮಕ್ಕಳು ಮೊದಲ ಸಾಲು ಓದಿ ಮುಗಿಸುವಷ್ಟರಲ್ಲಿ ಮೂರನೆಯ ಸಾಲು ಬಂದು ಹೋಗಿರುತ್ತದೆ. 70ರ ದಶಕದಲ್ಲಿ ಹೆಗ್ಗೋಡಿನ ನೀನಾಸಮ್ ಚಿತ್ರಸಮಾಜದವರು ಜಗತ್ತಿನ ಸಿನಿಮಾಗಳನ್ನು ಮಲೆನಾಡಿನ ಹಳ್ಳಿಯ ಜನಕ್ಕೆ ತೋರಿಸಿದರು, ಕನ್ನಡದಲ್ಲಿ ವಿವರಿಸಿ ತೋರಿಸಿದರು. ಜನ ಕೂತು ನೋಡಿದರು. ಅಂದರೆ ಇದು ಆಗದ ಕೆಲಸವಲ್ಲ. ಸಿನಿಮಾ ಉತ್ಸವ ನಡೆಸುವವರಲ್ಲಿ ನನ್ನ ಬೇಡಿಕೆ: ವರ್ಷಕ್ಕೆ ಇಂಥ ಎರಡು ಸಿನಿಮಾಗಳಿಗಾದರೂ ಹಕ್ಕು ಇರುವವರನ್ನು ಕೇಳಿ ಕನ್ನಡ ಸಬ್‌ಟೈಟಲ್ ಮಾಡಿಸಿ, ಅವು ಆಮೇಲೆ ತಾಲ್ಲೂಕುಗಳಿಗೂ ಬರಲಿ. ಪೋಲೆಂಡ್, ಜರ್ಮನಿ, ನೆದರ್‌ಲ್ಯಾಂಡ್ಸ್, ಫ್ರಾನ್ಸ್‌ಗಳಲ್ಲಿ ಇರುವ ಕನ್ನಡಿಗರೇ, ಆ ಭಾಷೆಗಳು ನಿಮ್ಮ ಕಿವಿಗೆ ಬಿದ್ದಿವೆ. ಇಂಗ್ಲಿಷಿನ ಮೂಲಕ ಬರುವಾಗ ಸೋರಿಹೋಗುವ ಮಾತುಗಳನ್ನು ಹಿಡಿಯಲು ನಿಮ್ಮ ಸಹಾಯ ಬೇಕು.

ಅಲ್ಲಿಯವರೆಗೆ ನಾನು ಮಾಡುತ್ತಿರುವುದು ಇಷ್ಟು. ಪ್ರತಿ ಸಿನಿಮಾಗೂ ಎರಡು ಪುಟ ಕನ್ನಡದಲ್ಲಿ ಬರೆದು ಜೆರಾಕ್ಸ್ ಮಾಡಿಸುತ್ತೇನೆ. ಯಾರು ಯಾರು, ಯಾವ ಊರು, ಯಾವ ವರ್ಷ, ಸಿಕ್ಕಿಬಿದ್ದರೆ ಏನು ಶಿಕ್ಷೆ, ಊಟ ಎಲ್ಲಿಂದ ಬರುತ್ತಿತ್ತು. ಕೆಮ್ಮು ಬಂದರೆ ಏನು ಮಾಡುತ್ತಿದ್ದರು ಎಂಬುದೂ ಅದರಲ್ಲಿದೆ. ಐದು ಸಿನಿಮಾಗಳದ್ದು ತಯಾರಿದೆ. ಯಾರು ಬೇಕಾದರೂ ತೆಗೆದುಕೊಳ್ಳಿ, ತಿದ್ದಿ, ನನ್ನ ಹೆಸರು ಹಾಕುವುದು ಬೇಡ.

ಮುಂದಿನ ತಿಂಗಳು ಎರಡನೇ ಶನಿವಾರ ನಮ್ಮ ಶಾಲೆಯಲ್ಲಿ ಮಕ್ಕಳಿಗಲ್ಲ, ಅವರ ಅಪ್ಪ ಅಮ್ಮಂದಿರಿಗೆ 'ಡೆಕಲಾಗ್' ಎಂಟನೆಯ ಕಂತು ಹಾಕುತ್ತಿದ್ದೇನೆ. ಮುಗಿದ ಮೇಲೆ ಹತ್ತು ನಿಮಿಷ ದೀಪ ಹಾಕುವುದಿಲ್ಲ. ಆಮೇಲೆ ಟೀ ಇರುತ್ತದೆ, ಮಾತಾಡುವವರು ಮಾತಾಡಬಹುದು.

ಇಂತಿ,
ಒಬ್ಬ ಸಮಾಜ ವಿಜ್ಞಾನ ಟೀಚರ್